ಏಳು ವರ್ಷ ಚಿಕ್ಕವನಾದ ಬಾಕೀಸಜ್ಜ

ಸಾರ್ಡೀನಿಯಾದ ಆ ಬೆಟ್ಟದೂರಿನ ಮುದುಕರ ರಕ್ತವನ್ನು ಬೊನಾರಿಯಾ ಎಂಟು ವರ್ಷದಿಂದ ಹೀರುತ್ತಿದ್ದಳು. ಮನುಷ್ಯನನ್ನು ನೂರು ದಾಟಿಸುವ ವಂಶವಾಹಿ ಯಾವುದು ಎಂಬುದು ಅವಳ ಸಂಶೋಧನೆ. ಅದರ ನಡುಗಂಬ ನೂರಹತ್ತರ ಬಾಕೀಸಜ್ಜ. ಆ ಕಂಬ ಇವತ್ತು ಬೆಳಿಗ್ಗೆ ಚರ್ಚಿನ ಹಳೇ ದಫ್ತರದಲ್ಲಿ ಮುರಿದು ಬಿತ್ತು. ನೂರಹತ್ತು ವರ್ಷದ ಹಿಂದೆ ಹುಟ್ಟಿದ ಬಾಕೀಸ ಮೂರನೇ ತಿಂಗಳಿಗೇ ಸತ್ತಿದ್ದ. ಸತ್ತ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಇಡುವುದು ಆ ಊರಿನ ಪದ್ಧತಿ. ಏಳು ವರ್ಷದ ಮೇಲೆ ಹುಟ್ಟಿದ ತಮ್ಮ, ಅಂದರೆ ಈ ಅಜ್ಜ, ಅಣ್ಣನ ಹೆಸರು ಹೊತ್ತ. ಯಾವನೋ ಸೋಮಾರಿ ಗುಮಾಸ್ತನ ದಯೆಯಿಂದ ಅಣ್ಣನ ವಯಸ್ಸನ್ನೂ ಹೊತ್ತ.

ಮೇಯರ್ ಬೇರೆ ಊರಬಾಗಿಲಲ್ಲಿ ಅಜ್ಜನ ಮೋರೆಯ ಹಲಗೆ ನಿಲ್ಲಿಸಿ ಮೆರೆಯುತ್ತಿದ್ದ. ಹೇಳದೆ ವಿಧಿಯಿರಲಿಲ್ಲ.

"ಅಜ್ಜ, ನಿಮಗೆ ನೂರಹತ್ತಲ್ಲ. ನೂರಾಮೂರು."

ಮನೆ ಮುಂದೆ ಕೂತು ಬೀನ್ಸ್ ಕಾಳು ಬಿಡಿಸುತ್ತಿದ್ದ ಅಜ್ಜನ ಕೈ ನಿಂತಿತು. "ಗಟ್ಟಿಯಾಗಿ ಹೇಳು ಮಗಳೇ, ಇವಳಿಗೂ ಕೇಳ್ಲಿ."

ಇವಳೆಂದರೆ ಎದುರು ಕುಳಿತ ಮಿಂತೋನಿಯಜ್ಜಿ, ತೊಂಬತ್ತೆಂಟರ ವಿಧವೆ. ಮದುವೆಯಾಗು ಎಂದು ಅಜ್ಜ ಮೂರು ವರ್ಷದಿಂದ ಬೆನ್ನು ಬಿದ್ದಿದ್ದ. ಅವಳದು ಒಂದೇ ಉತ್ತರ: ಇಬ್ಬರು ಗಂಡಂದಿರ ಸಾವಿಗೆ ಕಪ್ಪು ಉಟ್ಟಾಯಿತು, ನೂರಹತ್ತರವನನ್ನು ಕಟ್ಟಿಕೊಂಡು ಮೂರನೇ ಸಲ ಉಡಲಾರೆ.

"ಕೇಳಿದ್ಯಾ? ಹುಡುಗ ಕಣೇ ನಾನು."

"ಈ ಸುದ್ದಿ ನಿನ್ ಹಲ್ಲಿಗೆ ಗೊತ್ತಾ?" ಅಜ್ಜಿಯ ತುಟಿಯಂಚಿನಲ್ಲಿ ನಗು ಒಡೆಯಿತು. "ನೂರಾಮೂರು ಅಂದ್ರೆ... ನಡೆಯುತ್ತೆ. ಹೋಗು, ಪಾದ್ರಿಗೆ ಹೇಳ್ಬಾ. ನನ್ನ ಮನಸ್ಸು ತಿರುಗೋದ್ರೊಳಗೆ."

ಅಜ್ಜ ಊರುಗೋಲನ್ನೇ ಮರೆತು, ಸಿಕ್ಕಸಿಕ್ಕವರಿಗೆ ವಯಸ್ಸು ಸಾರುತ್ತ ಇಳಿಜಾರಿನಲ್ಲಿ ಹೊರಟ. ಕೆಳಗೆ ಹಲಗೆಯ ಬುಡದಲ್ಲಿ ಮೇಯರ್ ತಲೆ ಹಿಡಿದು ಕೂತದ್ದು ಕಂಡಿತು. ಬೊನಾರಿಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದಾಗಲೂ ನೀರು ನಿಲ್ಲಲಿಲ್ಲ.

"ಯಾಕೆ, ಏನಾಯ್ತು?"

"ನನ್ನ ಎಂಟು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಜ್ಜಿ. ನೂರಾಮೂರಿನವರು ಇಲ್ಲಿ ಬೀದಿಗೊಬ್ಬರಿದ್ದಾರೆ."

ಅಜ್ಜಿ ಬೀದಿಯ ಎರಡೂ ಕಡೆ ನೋಡಿ, ಕಪ್ಪು ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿದಳು.

"ಚುಚ್ಚು. ನಾನು ಮೇಲಿನೂರಿಂದ ಬಂದೋಳು, ನನ್ನ ದಫ್ತರ ಅಲ್ಲಿದೆ, ನೋಡ್ಕೋ ಹೋಗು. ಎರಡನೇ ಗಂಡನಿಗೆ ಹನ್ನೆರಡು ವರ್ಷ ಕಮ್ಮಿ ಹೇಳಿದ್ದೆ. ಆಮೇಲೆ ತಿದ್ದೋಕೆ ಪುರುಸೊತ್ತಾಗ್ಲಿಲ್ಲ."

ಬೊನಾರಿಯಾ ಲೆಕ್ಕ ಹಾಕಿದಳು. ಸೂಜಿ ಹಿಡಿದ ಕೈ ನಗುವಿಗೆ ಕುಣಿಯತೊಡಗಿತು.

"ನೆಟ್ಟಗೆ ಹಿಡ್ಕೊಳ್ಳೇ," ಅಂದಳು ಅಜ್ಜಿ. "ನಿನ್ನ ಪುಸ್ತಕದಲ್ಲಿ ನೂರಹತ್ತು ಅಂತಾನೇ ಬರ್ಕೋ. ಆ ಹುಡುಗನಿಗೆ ಮಾತ್ರ ಹೇಳ್ಬೇಡ. ಹೆದರ್ಕೊಳ್ತಾನೆ."