ಬಾಗಿಲಿಗೊಂದು ಕೌದಿ

"ಕುತ್ತಿಗಿ ಮ್ಯಾಲಿನ ಗಾಯ ಹ್ಯಾಂಗ ಆತವ್ವಾ?" ಎಂದು ದಾನೇಶ್ವರಿ ಕೇಳಿದ್ದು ಎದುರಿಗೆ ಕುಳಿತ ಮಂಜುಳಾಳನ್ನು. ಉತ್ತರ ಬಂದದ್ದು ಮುಚ್ಚಿದ ಬಾಗಿಲಿನ ಆಚೆಯಿಂದ.

"ಬಚ್ಚಲದಾಗ ಜಾರಿ ಬಿದ್ದಾಳ್ರೀ ಮೇಡಂ!"

ಮಂಜುಳಾ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು, "ಹೌದ್ರೀ, ಬಿದ್ದೀನಿ," ಎಂದಳು. ಹಾಗೆ ಕೂಗಿದ ಅತ್ತೆ ಹೊರಗೆ ಬೆಂಚಿನ ಮೇಲೆ ಕುಳಿತು ಕೆಮ್ಮಿದ್ದೂ ಒಳಗೆ ಕೇಳಿಸಿತು. ಮುಂದಿನ ಮಂಗಳವಾರ ಬಾ ಎಂದು ಅವಳನ್ನು ಕಲ್ಲೂರಿನ ಬಸ್ಸಿಗೆ ಕಳಿಸುವುದು ಬಿಟ್ಟರೆ ದಾನೇಶ್ವರಿಗೆ ಬೇರೆ ದಾರಿ ಇರಲಿಲ್ಲ.

ರಾಯಚೂರಿನ ಆ ಆಸ್ಪತ್ರೆಯಲ್ಲಿ ಅವಳದು ಆಪ್ತಸಮಾಲೋಚಕಿಯ ಕೆಲಸ. ಎಲ್ಲೂ ಹೇಳಲಾರದ್ದನ್ನು ಇಲ್ಲಿ ಹೇಳಿರಿ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಬಾಗಿಲು ಮಾತ್ರ ಹಪ್ಪಳದಂಥ ಪ್ಲೈವುಡ್ಡಿನದು. ಊರಿಗೆ ಡಂಗುರ ಸಾರಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಅವಳು ನೇರ ಆಸ್ಪತ್ರೆಯ ಮುಖ್ಯಸ್ಥ ಸಾಹೇಬರ ಕೋಣೆಗೆ ಹೋದಳು.

"ಬಾಗಲಕ್ಕ ಅನುದಾನ ಇಲ್ರೀ," ಎಂದು ಸಾಹೇಬರು ನಕ್ಕರು. "ಅಲ್ಲಾ, ಈ ಮಂದೀದು ಅಂಥಾ ಗುಟ್ಟರ ಏನಿರ್ತದ? ಊರಿಗೆಲ್ಲಾ ಗೊತ್ತಿದ್ದಿದ್ದೇ."

ಅವರ ಕೋಣೆಗೆ ಸಾಗವಾನಿ ಬಾಗಿಲು, ಅದಕ್ಕೊಂದು ಪರದೆ, ಪರದೆಯಾಚೆ ಒಬ್ಬ ಜವಾನ. ದಾನೇಶ್ವರಿಯ ಸಿಟ್ಟು ನೆತ್ತಿಗೇರಿತು.

"ಹಂಗಾರ ನಿಮ್ಮ ಬಾಗಲಾ ನನಗ ಕೊಡ್ರಿ ಸರ್. ನಿಮ್ಮದೇನು ಊರಿಗೆ ಗೊತ್ತಿಲ್ಲದ್ದು?" ಎಂದೇಬಿಟ್ಟಳು. ಸಾಹೇಬರ ನಗು ನಿಂತಿತು. ಅನುದಾನ ಬರಲಿಲ್ಲ.

ದಾನೇಶ್ವರಿ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ತನ್ನ ಬಾಗಿಲಿಗೆ ಥರ್ಮಾಕೋಲ್ ಅಂಟಿಸಿದಳು. ಜವಾನ ಜಿಲಾನಿ ಪಾಷಾ ಹೊರಗೆ ನಿಂತು, ಅವಳು ಒಳಗೆ ಪಿಸುಗುಟ್ಟಿದ್ದನ್ನೆಲ್ಲ ತಿರುಗಿ ಒಪ್ಪಿಸಿದ. "ಏನೂ ಉಪಯೋಗ ಇಲ್ಲ ಬಿಡ್ರಿ ಅಕ್ಕಾ," ಎಂದು ತಲೆಯಾಡಿಸಿದ.

ಮನೆಗೆ ಬಂದು ಬ್ಯಾಗು ಎಸೆದ ಮಗಳ ಬಾಯಿಂದ ಬಾಗಿಲಿನ ಪಾಡು ಕೇಳಿ ತಾಯಿ ಗೋಪಮ್ಮನಿಗೂ ರೇಗಿತು. "ಹೇಳೋ ಬಾಯಿ ಮುಚ್ಚಿಸಾಕ ಊರಿಗೆ ಊರೇ ಅದ. ಕೇಳೋ ಕಿವಿ ಮುಚ್ಚಾಕ ಒಂದು ಕೌದಿ ಇಲ್ಲೇನು?" ಎನ್ನುತ್ತ ಟ್ರಂಕಿನಿಂದ ಹಳೆ ಸೀರೆಯ ತುಂಡು ಕೂಡಿಸಿ ಹೊಲಿದ ಎರಡು ಕೌದಿ ಎಳೆದಳು. ನಡುವೆ ಜಿನ್ನಿಂಗ್ ಮಿಲ್ಲಿನಲ್ಲಿ ಉಳಿದ ಕಸರು ಹತ್ತಿ ತುಂಬಿ ಎರಡನ್ನೂ ಕೂಡಿಸಿ ಹೊಲಿಯತೊಡಗಿದಳು. ಕೊನೆಯ ಮೂಲೆ ಮುಚ್ಚುವ ಮುನ್ನ ರೊಟ್ಟಿಯ ಚೂರೊಂದನ್ನು ಒಳಗಿಟ್ಟಳು. ಕೌದಿ ಹಸಿದಿರಬಾರದೆಂಬುದು ಅವಳ ತಾಯಿಯ ಕಾಲದ ರೂಢಿ.

"ಕೇಳಿದ್ದೆಲ್ಲಾ ಹೊಟ್ಟ್ಯಾಗ ಇಟ್ಕೊಳ್ಳವ್ವಾ," ಎಂದು ಕೌದಿಗೆ ಹೇಳಿ ದಾರ ಕಡಿದಳು.

ಮರುದಿನ ಜಿಲಾನಿ ಪಾಷಾ ಅದನ್ನು ಕಟ್ಟಿಗೆಯ ಪಟ್ಟಿ ಬಡಿದು ಬಾಗಿಲಿನ ಒಳಮೈಗೆ ಕೂರಿಸಿದ. ಕೆಳಗಿನ ಸಂದಿಗೆ ಸೈಕಲ್ ಟ್ಯೂಬು ಹೊಡೆದ.

ಮಂಗಳವಾರ ಮಂಜುಳಾ ಬಂದಳು. ಅತ್ತೆ ಬೆಂಚನ್ನೇ ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು. ಅದನ್ನು ಕಂಡು ದಾನೇಶ್ವರಿಗೆ ಮೈಯೆಲ್ಲ ಉರಿಯಿತು. ಬಾಗಿಲು ಹಾಕಿದಳು, ಅದೇ ಪ್ರಶ್ನೆ ಕೇಳಿದಳು.

ಮಂಜುಳಾ ಬಾಗಿಲನ್ನೇ ನೋಡುತ್ತ ಕಾದಳು. ಆಚೆಯಿಂದ ಉತ್ತರ ಬರಲಿಲ್ಲ. ಅವಳು ಎದ್ದು ಹೋಗಿ ಕೌದಿಯ ಹತ್ತಿರ ಮುಖ ಒಯ್ದಳು.

"ನಾ ಬಿದ್ದಿಲ್ಲ," ಎಂದಳು, ಮೆಲ್ಲಗೆ.

ಆಚೆ ಕೆಮ್ಮೂ ಇಲ್ಲ.

"ಅತ್ತೀ, ನಾ ಬಿದ್ದಿಲ್ಲ." ಈ ಸಲ ತುಸು ಗಟ್ಟಿಯಾಗಿ.

ಕೌದಿಗೆ ಕಿವಿ ಹಚ್ಚಿದಳು. ಆಮೇಲೆ ಬಂದು, ಕುರ್ಚಿಯನ್ನು ಬಾಗಿಲಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು ಕುಳಿತು, ಕುತ್ತಿಗೆಯ ಸೆರಗು ಬಿಚ್ಚಿದಳು.