ಜಲಾಲುದ್ದೀನರ ಡಬ್ಬಿ

ಧೂಳಮ್ಮ ಬಿದ್ದದ್ದು ಬೆಳಿಗ್ಗೆ ಎಂಟು ಗಂಟೆಗೆ, ಎಮ್ಮೆಗೆ ನೀರು ಕುಡಿಸುವಾಗ. ಕಾಲು ಜಾರಿ ತಲೆ ಹೋಗಿ ಕಲ್ಲಿನ ಬಾನಿಯ ಅಂಚಿಗೆ ಬಡಿಯಿತು. ಬಸವಕಲ್ಯಾಣದ ಆ ಓಣಿಯ ಡಾಕ್ಟರು ಎರಡು ಹೊಲಿಗೆ ಹಾಕಿ, ಸೂಜಿ ಚುಚ್ಚಿ, "ಏನೂ ಆಗಿಲ್ಲ, ಮಲಗಸ್ರಿ" ಎಂದು ಕಳಿಸಿಬಿಟ್ಟರು.

ಹನ್ನೊಂದಕ್ಕೆ ಪಕ್ಕದ ಮನೆಯ ಹಜಿರಾ ಬೀ ಬಂದು ನೋಡಿದಾಗ ಪಟ್ಟಿಯ ಮೇಲೆ ರಕ್ತ ಇನ್ನೂ ಒಸರುತ್ತಿತ್ತು. ಎಪ್ಪತ್ತು ದಾಟಿದ ಧೂಳಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

"ಪಂಡರಿ, ಎಬ್ಬಿಸು ನಿಮ್ಮವ್ವನ್ನ."

"ಮಲಗ್ಯಾಳ, ಬಿಡು ಖಾಲಾ. ಡಾಕ್ಟರೇ ಮಲಗಸ್ರಿ ಅಂದಾರ," ಎಂದ ಮಗ.

"ನಿಮ್ಮವ್ವ ಹಗಲಿನಾಗ ಮಲಗಿದ್ದು ಯಾವತ್ತರ ನೋಡೀಯೇನು? ಹಗಲು ಅಡ್ಡಾಗಿದ್ದಕ್ಕ ಸೊಸಿಗಿ ಬೈದು ಬೈದು ತವರಿಗಿ ಅಟ್ಟಿದಾಕಿ ಇಕಿ! ಎಬ್ಬಿಸು ಅಂದೆ."

ಎಬ್ಬಿಸಿದರೆ ಧೂಳಮ್ಮ ಒಂದು ಕಣ್ಣು ತೆರೆದು, "ಎಮ್ಮಿ ನೀರು ಕುಡೀತೇನು?" ಎಂದಳು. ಹಾಸಿಗೆಯ ಮೇಲೇ ವಾಂತಿ ಮಾಡಿಕೊಂಡು ಮತ್ತೆ ಕಣ್ಣು ಮುಚ್ಚಿದಳು.

ಹಜಿರಾ ಬೀ ಬಾಗಿಲಲ್ಲಿ ನಿಂತು ಕೂಗಿದ ಕೂಗಿಗೆ ಓಣಿಯ ಜೀಪು ತಾನಾಗಿಯೇ ಬಂದು ನಿಂತಿತು. ಹುಮನಾಬಾದಿಗೆ ಹೋಗಬೇಕು, ತಲೆಯ ಫೋಟೊ ತೆಗೆಯುವ ಮಶೀನು ಅಲ್ಲಿದೆ ಎಂದು ಆಕೆಗೆ ಗೊತ್ತಿತ್ತು. ಹೃದಯದ ಕಾಯಿಲೆಯ ಗಂಡ ಜಲಾಲುದ್ದೀನರನ್ನು ಮೂರು ವರ್ಷ, ತಿಂಗಳಿಗೊಮ್ಮೆ, ಅದೇ ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಕರೆದೊಯ್ದವಳು ಆಕೆ. ಅವರು ನ್ಯುಮೋನಿಯಾದಲ್ಲಿ ತೀರಿಕೊಂಡು ಎರಡೂವರೆ ತಿಂಗಳಾಗಿತ್ತು.

ಆಸ್ಪತ್ರೆಯ ಎಳೆ ಡಾಕ್ಟರು ಧೂಳಮ್ಮನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಪಂಡರಿಯ ಕಡೆ ತಿರುಗಿ, "ಬಿ.ಪಿ., ಸಕ್ಕರೆ, ಹಾರ್ಟು, ಯಾವುದಾದರೂ ಗುಳಿಗೆ ನಡೆದಿದೆಯಾ?" ಎಂದರು.

"ಏನೂ ಇಲ್ರಿ. ನಮ್ಮವ್ವ ತಲಿನೋವಿಗಿ ಸುದ್ದಾ ಗುಳಗಿ ನುಂಗಲ್ಲ."

ಡಾಕ್ಟರು ಚೀಟಿಯಲ್ಲಿ ‘ಇಲ್ಲ’ ಎಂದು ಬರೆದರು. "ಗಾಯ ಸಣ್ಣದು. ವಯಸ್ಸಾದವರು, ಸುಸ್ತಾಗಿದ್ದಾರೆ. ಸ್ಕ್ಯಾನ್‌ಗೆ ನಾಲ್ಕು ಜನ ಮುಂದಿದ್ದಾರೆ, ಕೂತಿರಿ."

"ಆ ನಾಕು ಮಂದಿ ಫೋನ್ ನೋಡಾಕತ್ತಾರ ಸಾಹೇಬ, ಇಕಿ ಕಣ್ಣೇ ತೆರೀವಲ್ಲಳು! ವಯಸ್ಸಾಗ್ಯಾದ ಅಂತ ಬರದು ಮೂಲಿಗಿ ಹಾಕತೀರೇನು?"

"ಅಮ್ಮಾ, ನೀವು ಹೊರಗೆ ನಿಲ್ಲಿ."

ಹಜಿರಾ ಬೀ ಹೊರಗೆ ನಿಲ್ಲಲಿಲ್ಲ. ಇನ್ನೂ ನಾಲ್ಕು ಮಾತು ಬಾಯಿಗೆ ಬಂದಿದ್ದವು. ಅಷ್ಟರಲ್ಲಿ ನರ್ಸು ಬಿ.ಪಿ. ಪಟ್ಟಿ ಕಟ್ಟಲು ಧೂಳಮ್ಮನ ಕುಪ್ಪಸದ ತೋಳು ಮೇಲೆ ಸರಿಸಿದಳು. ತೋಳಿನ ತುಂಬ ನೀಲಿ ಕಲೆ. ಅಂಗೈಯಷ್ಟು ಒಂದು, ನೇರಳೆಹಣ್ಣಿನಷ್ಟು ಮೂರು.

ಆ ಕಲೆಗಳನ್ನು ಹಜಿರಾ ಬೀ ಬಲ್ಲಳು. ಮೂರು ವರ್ಷ ಗಂಡನ ಮೈ ಒರೆಸುವಾಗ ನೋಡಿದ್ದಳು. ಈ ಆಸ್ಪತ್ರೆಯ ಲ್ಯಾಬಿನ ಅಂಬರೀಷ ಪ್ರತಿ ತಿಂಗಳೂ ಹೇಳುತ್ತಿದ್ದ: "ಚಾಚಾನ ರಕ್ತ ಪತಲಾ ಅದ, ಚಾಚಿ, ನೀರಿನಂಗ ತೆಳ್ಳಗ. ತಲಿಗಿ ಪೆಟ್ಟು ಬಿದ್ರ ಒಂದು ಘಳಿಗಿ ನಿಲ್ಲಬ್ಯಾಡ್ರಿ." ಅದು ಗಂಡನ ಮೈಯ ಗುಣ ಎಂದೇ ಆಕೆ ತಿಳಿದಿದ್ದಳು. ಗುಳಿಗೆ ಹೃದಯಕ್ಕೆ, ಪತಲಾ ರಕ್ತ ದೇವರು ಕೊಟ್ಟದ್ದು.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ, ಪದ್ಧತಿಯಂತೆ, ಗಂಡನ ಸಾಮಾನನ್ನೆಲ್ಲ ಖೈರಾತು ಮಾಡಿದ್ದಳು. ಅಂಗಿ, ಶೇರವಾನಿ ಹುಲಸೂರಿನ ಬಡ ನೆಂಟನಿಗೆ. ಊರುಗೋಲು ಮಸೀದಿಗೆ. ಉಳಿದ ಗುಳಿಗೆಗಳ ಸ್ಟೀಲಿನ ಡಬ್ಬಿ, ಎದೆ ಢವಢವ ಅನ್ನುತ್ತದೆ ಎಂದು ಗೋಳಾಡುತ್ತಿದ್ದ ಧೂಳಮ್ಮನಿಗೆ. ಒಳ್ಳೆಯ ಔಷಧ, ಕಸಕ್ಕೆ ಯಾಕೆ? ಮಗನಿಗೆ ತಿಳಿದರೆ ಆಸ್ಪತ್ರೆಗೆ ಎಳೆದೊಯ್ಯುತ್ತಾನೆ ಎಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ದಿನಾ ಸಂಜೆ ಗೋಡೆಯಾಚೆಯಿಂದ ತಾನೇ ಕೂಗಿ ಕೇಳುತ್ತಿದ್ದಳು: "ನುಂಗಿದ್ಯೇನ ಧೂಳಿ?"

ಹಾಗಾದರೆ ರಕ್ತ ಪತಲಾ ಮಾಡುವುದು ಆ ಗುಳಿಗೆಯೇ ಎಂದು ಹಜಿರಾ ಬೀಗೆ ಈಗ ಹೊಳೆಯಿತು. ಹೇಳಿದರೆ, ನಾಳೆ ಏನಾದರೂ ಆದರೆ, ಓಣಿಯೆಲ್ಲ ಏನೆಂದೀತು? ನಲವತ್ತು ವರ್ಷ ಒಂದೇ ಗೋಡೆಗೆ ಬದುಕಿದವಳು ವಿಷ ಕೊಟ್ಟಳು ಎನ್ನುವುದಿಲ್ಲವೇ? ಹೇಳದಿದ್ದರೆ ಚೀಟಿಯಲ್ಲಿ ‘ಇಲ್ಲ’ ಎಂದೇ ಉಳಿಯುತ್ತದೆ.

"ಸಾಹೇಬ, ಆ ‘ಇಲ್ಲ’ ಅಳಸ್ರಿ. ನಮ್ಮ ಯಜಮಾನರ ಗುಳಗಿ ಇಕಿ ನುಂಗ್ಯಾಳ. ಒಂದು ತಿಂಗಳಾತು. ಕೊಟ್ಟಾಕಿ ನಾನೇ."

ಪಂಡರಿ ತಿರುಗಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

"ಯಾವ ಗುಳಿಗೆ?"

"ಹೆಸರು ನನಗ ಬರಲ್ಲ. ಅಂಬರೀಷನ್ನ ಕರೀರಿ, ಅವನಿಗಿ ಗೊತ್ತು."

ಲ್ಯಾಬಿನಿಂದ ಬಂದ ಅಂಬರೀಷ ಹಜಿರಾ ಬೀಯನ್ನು ನೋಡಿದ, ಮಂಚದ ಮೇಲಿದ್ದವಳನ್ನು ನೋಡಿದ, ಗುಳಿಗೆಯ ಹೆಸರು ಹೇಳಿದ. ಡಾಕ್ಟರು ಕೂಗಿಬಿಟ್ಟರು: "ಅದು ರಕ್ತ ಹೆಪ್ಪುಗಟ್ಟದಂತೆ ಮಾಡೋ ಗುಳಿಗೆ! ಮಿಠಾಯಿ ಅಂತ ಹಂಚಿದಿರಾ?"

ಈಗ ಹಜಿರಾ ಬೀಗೆ ತಡೆಯಲಾಗಲಿಲ್ಲ. "ಬೈರಿ, ಬೈಸಿಕೊಳ್ಳಾಕ ಕುಂತೀನಿ. ಆದರ ಮೂರು ವರ್ಷ ಈ ಬಾಗಲಿಗಿ ಬಂದೆ. ರಕ್ತ ಪತಲಾ ಅದ, ಪತಲಾ ಅದ ಅಂದ್ರಿ. ಅದನ್ನ ಪತಲಾ ಮಾಡೋದು ಗುಳಗೀನೇ ಅಂತ ಒಬ್ಬರ, ಒಂದು ದಿನರ ಹೇಳಿದ್ರೇನು? ಇವತ್ತೂ ಮಗನಿಗಿ ಕೇಳಿ ‘ಇಲ್ಲ’ ಅಂತ ಬರಕೊಂಡ್ರಿ. ಮುದುಕಿ ಏನು ನುಂಗತಾಳ ಅಂತ ಗಂಡಮಗನಿಗೇನು ಗೊತ್ತು? ಬಾಜೂ ಮನಿ ಹೆಂಗಸರಿಗಿ ಕೇಳಬೇಕು. ಮೊದಲು ಆಕಿ ರಕ್ತ ತಗೀರಿ, ಆಮ್ಯಾಲ ಇಬ್ಬರೂ ಜಗಳಾಡೋಣ!"

ಡಾಕ್ಟರು ಅಂಬರೀಷನಿಗೆ ರಕ್ತ ತೆಗೆಯಲು ಸನ್ನೆ ಮಾಡಿ, ಮಂಚವನ್ನು ತಾವೇ ಸ್ಕ್ಯಾನ್ ಕೋಣೆಗೆ ತಳ್ಳಿದರು. ನಾಲ್ಕು ಜನ ಹಿಂದೆ ಸರಿದರು.

ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಒಂದರ ಸುತ್ತ ಇರಬೇಕಾದ ಲೆಕ್ಕ ಆರು ದಾಟಿತ್ತು. ತಲೆಬುರುಡೆಯ ಒಳಗೆ ಒಂದು ಬದಿಗೆ ರಕ್ತ ತೆಳ್ಳಗೆ ಕಟ್ಟಿಕೊಂಡಿತ್ತು. ರಕ್ತ ಹೆಪ್ಪುಗಟ್ಟಲೆಂದು ಡಾಕ್ಟರು ತಾವೇ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು, ಪ್ಲಾಸ್ಮಾ ತಯಾರಿಡಿ ಎಂದು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು.

"ಸಂಜೆವರೆಗೆ ಕೂರಿಸಿದ್ದರೆ ಕಷ್ಟವಿತ್ತು," ಎಂದರು, ಯಾರ ಮುಖವನ್ನೂ ನೋಡದೆ. "ಈಗ ಹೊರಟರೆ ಉಳೀಬಹುದು."

ಆಂಬ್ಯುಲೆನ್ಸಿಗೆ ಏರಿಸುವಾಗ ಹಜಿರಾ ಬೀ ದೂರ ಗೋಡೆಗೆ ಒರಗಿ ನಿಂತಿದ್ದಳು. ತಾನು ಯಾವ ಮುಖದಿಂದ ಹತ್ತುವುದು? ಪಂಡರಿ ಒಳಗಿನಿಂದ ಇಣುಕಿದ. ಅವನ ಕಣ್ಣು ಕೆಂಪಾಗಿದ್ದವು.

"ಏನ್ ನಿಂತೀ ಅಲ್ಲಿ? ಎಷ್ಟು ಗುಳಗಿ, ಯಾವಾಗಿನಿಂದ ಅಂತ ಅಲ್ಲಿ ಕೇಳಿದ್ರ ನಾ ಏನು ಹೇಳಲಿ? ಹತ್ತು."

"ನನ್ನ ಮ್ಯಾಲ ಸಿಟ್ಟಿಲ್ಲೇನು?"

"ಬೆಟ್ಟದಷ್ಟು ಅದ. ಅವ್ವ ಉಳೀಲಿ, ಆಮ್ಯಾಲ ಓಣಿ ಮಂದಿಯೆಲ್ಲ ಕೇಳೂ ಹಂಗ ಬೈತೀನಿ."

"ಬೈಯಪ್ಪ," ಎಂದು ಹಜಿರಾ ಬೀ ಸೆರಗು ಬಿಗಿದು ಹತ್ತಿ, ಧೂಳಮ್ಮನ ನೀಲಿಗಟ್ಟಿದ ತೋಳನ್ನು ಮುಟ್ಟದೆ, ಬೆರಳನ್ನಷ್ಟೇ ಹಿಡಿದು ಕೂತಳು.