ಕೂಗಬೇಕಾದ ಕೆಲಸ

ಗುಂಡ್ಲುಪೇಟೆಯ ಆ ಓಣಿಯಲ್ಲಿ ಯಾರೂ ನಲ್ಲಿ ಮುಚ್ಚುತ್ತಿರಲಿಲ್ಲ. ಕೆಳಗೊಂದು ಖಾಲಿ ಬಿಂದಿಗೆ ಇಟ್ಟು ತೆರೆದೇ ಬಿಟ್ಟಿರುತ್ತಿದ್ದರು. ನೀರು ಬಂದರೆ ಬಿಂದಿಗೆ ಸದ್ದು ಮಾಡುತ್ತಿತ್ತು, ಒಳಗಿದ್ದವರು ಓಡಿ ಬರುತ್ತಿದ್ದರು.

ನೆಲದಡಿಯ ಪೈಪ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸದ ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ಹೋದಾಗ ನೆಲಕ್ಕೆ ಸೆನ್ಸರ್ ಇಟ್ಟು, ಹೆಡ್‌ಫೋನಿನಲ್ಲಿ ನೀರು ಸೋರುವ ಸದ್ದು ಕೇಳಿತೆಂದು ಗುರುತು ಹಾಕಿದೆ. ಹೊಸ ಸಿಮೆಂಟ್ ರಸ್ತೆ ಒಡೆದು ನೋಡಿದರೆ ಪೈಪ್ ಗಟ್ಟಿಯಾಗಿತ್ತು. ನಾನು ಕೇಳಿದ್ದು ಅದೇ ಓಣಿಯ ಸಣ್ಣತಾಯಮ್ಮನವರ ತೆರೆದ ನಲ್ಲಿಯ ಸದ್ದನ್ನು.

"ಇನ್ನೊಂದ್ ಸಲ ತಪ್ಪುದ್ರೆ ಮೆಷಿನ್ ವಾಪಸ್ ಕಳಿಸ್ಬುಡ್ತೀನಿ ಕಣಮ್ಮ. ನೀನೂ ಅದ್ರ ಜೊತೇಲೆ ಓಗ್ಬೋದು," ಅಂದರು ಸೂಪರ್‌ವೈಸರ್ ಶಿವಶಂಕರ. ತಮಾಷೆಗೆ ಅಂದದ್ದಲ್ಲ.

ಸೋರಿಕೆ ಇದ್ದದ್ದಂತೂ ನಿಜ. ಓಣಿಯ ಕೊನೆಯ ಮನೆಯ ಮೈಮುನಾ ಅವರ ನಲ್ಲಿಗೆ ನೀರು ದಾರದಷ್ಟೇ ಬರುತ್ತಿತ್ತು.

ಹಾಗಾಗಿ ಮರುವಾರ ನೀರು ಬಿಡುವ ಮೊದಲು, ಆಡಬೇಕಾದ್ದನ್ನೆಲ್ಲ ಡೈರಿಯಲ್ಲಿ ಮಾತ್ರ ಆಡುವ ನಾನು, ಮನೆಮನೆ ಬಾಗಿಲಿಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಮುಚ್ಚಿರಿ ಎಂದು ಕೇಳಿಕೊಂಡೆ.

ಸಣ್ಣತಾಯಮ್ಮ ಸೊಂಟಕ್ಕೆ ಕೈಯಿಟ್ಟರು. "ಮುಚ್ಬುಟ್ರೆ ನೀರ್ ಬಂದದ್ದು ಎಂಗಮ್ಮಿ ಗೊತ್ತಾಯ್ತದ?"

"ನಾನು ಕೂಗಿ ಹೇಳ್ತೀನಿ ಅಜ್ಜಿ."

"ಏನಂದೆ?"

"ಕೂಗ್ತೀನಿ ಅಂದೆ."

"ಎದುರ್ಗೆ ನಿಂತ್ರೇ ನಿನ್ ಮಾತು ಕೇಳಕಿಲ್ಲ. ಆ ಕೊನೆ ಮನೆಗಂಟ ಕೂಗಿಯಾ?"

ಅಕ್ಕಪಕ್ಕದವರು ನಕ್ಕರು. ಮೈಮುನಾ ತಮ್ಮ ಹೊಸಿಲಿಂದಲೇ, "ಸಣ್ಣತಾಯಕ್ಕ, ನಿಂದು ಬಿಂದಿಗೆ ಯಾವಾಗ್ಲೂ ತುಂಬ್ತದೆ. ನಂದೂ ಒಂದ್ಸಲ ತುಂಬ್ಲಿ ಬಿಡಿ," ಅಂದರು.

ಸಣ್ಣತಾಯಮ್ಮ ಗೊಣಗುತ್ತ ನಲ್ಲಿ ಮುಚ್ಚಿದರು. "ಮೈಮುನಾಗೋಸ್ಕರ ಕಣಮ್ಮಿ. ನಿನ್ ಮೆಷಿನ್‌ಗಲ್ಲ." ಅವರು ಮುಚ್ಚಿದ ಮೇಲೆ ಉಳಿದವರೂ ಮುಚ್ಚಿದರು.

ನೀರು ಬಿಡುವವನು ವಾಲ್ವ್ ತೆಗೆದ. ನೀರು ಗೊಳಗೊಳ ಎನ್ನುತ್ತ ಪೈಪಿನೊಳಗೆ ಓಡಿತು, ತುಂಬಿತು, ಸುಮ್ಮನಾಯಿತು. ಆಮೇಲೆ ಹೆಡ್‌ಫೋನಿನಲ್ಲಿ ಒಂದೇ ಒಂದು ಸದ್ದು ಉಳಿಯಿತು, ಒಲೆಯ ಮೇಲೆ ಹಾಲು ಉಕ್ಕುವ ಮುಂಚೆ ಬರುವಂಥದ್ದು. ಸೆನ್ಸರನ್ನು ಮುಂದಕ್ಕೆ ಮುಂದಕ್ಕೆ ಇಡುತ್ತ ಹೋದೆ. ಟೈಲರ್ ಅಂಗಡಿಯ ಜಗಲಿ ಮುಂದೆ ಅದು ಕಿವಿ ತುಂಬಿತು. ಒಂದು ಹೆಜ್ಜೆ ದಾಟಿದರೆ ಸಣ್ಣಗಾಯಿತು. ಹಿಂದೆ ಬಂದು ಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದೆ.

"ಗ್ಯಾರಂಟಿಯಾ?" ಅಂದರು ಶಿವಶಂಕರ.

"ಇಲ್ಲೇ ಸಾರ್."

ತಲೆಯೆತ್ತಿದರೆ ಓಣಿಯ ಉದ್ದಕ್ಕೂ ನಲ್ಲಿಯ ಮೇಲೆ ಕೈಯಿಟ್ಟು ನಿಂತ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ, ದನಿ ಬರಲಿಲ್ಲ.

"ಕೂಗಮ್ಮಿ," ಅಂದರು ಸಣ್ಣತಾಯಮ್ಮ, ಮೆಲ್ಲಗೆ.

"ನೀರು ಬಂತೂ!"

ಟೈಲರ್ ಹೊಲಿಗೆ ನಿಲ್ಲಿಸಿ ಹೊರಗೆ ಇಣುಕಿದ. ಎಲ್ಲ ನಲ್ಲಿಗಳೂ ಒಟ್ಟಿಗೆ ಸುರಿದವು.

ಮಧ್ಯಾಹ್ನ ಅಗೆದಾಗ, ಬಿರುಕು ಬಿಟ್ಟ ಜಾಯಿಂಟ್ ನನ್ನ ಗುರುತಿನ ಕೆಳಗೇ ಇತ್ತು. ಶಿವಶಂಕರ ಸೆನ್ಸರಿಗೆ ಮೆತ್ತಿದ್ದ ಕೆಸರನ್ನು ತಮ್ಮ ಕರ್ಚೀಫಿನಲ್ಲೇ ಒರೆಸಿ ಕೊಟ್ಟರು.

ಮುಂದಿನ ಸಲ ನೀರು ಬಿಡುವ ದಿನ ಬೇರೆ ಬೀದಿಗೆ ಹೊರಟವಳು ಆ ಓಣಿಯನ್ನು ಹಾದುಹೋದೆ. ಬಿಂದಿಗೆಗಳಿದ್ದವು, ನಲ್ಲಿಗಳು ಮುಚ್ಚಿದ್ದವು.

"ಬಂದ್ಯಾ?" ಅಂದರು ಸಣ್ಣತಾಯಮ್ಮ. "ನೀನ್ ಕೂಗ್ಲಿ ಅಂತ ಕಾಯ್ತಾವ್ನಿ. ಬಿಂದಿಗೆಗಿಂತ ನೀನೇ ವಾಸಿ ಕಣಮ್ಮಿ."

ವಾಲ್ವ್ ತೆಗೆದದ್ದನ್ನು ನೋಡಿಯೇ ಬಂದಿದ್ದೆ; ಕೂಗಿದೆ. ಕೊನೆಯ ಮನೆಯಿಂದ, ತುಂಬುತ್ತಿರುವ ಬಿಂದಿಗೆಯ ಸದ್ದು ಹೆಡ್‌ಫೋನಿಲ್ಲದೆಯೇ ಕೇಳಿಸಿತು.